ಘಟ್ಟದ ತಿರುವುಗಳೂ ನಮ್ಮ ಮನೆಯ ಹುಡುಗರೂ

ಶಾಲೆಯ ಜಗಲಿಯಲ್ಲಿ ನಿಂತು ಹೆತ್ತವರು ಹೆಡ್‌ಮಾಸ್ತರರನ್ನು ಕೇಳುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ನಾನು ಶಿಕ್ಷಕರ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, “ಹುಡುಗನನ್ನು ಮುಂದಕ್ಕೆ ಓದಿಸಲೇ, ಹೊಲಕ್ಕೆ ಕಳಿಸಲೇ?” ಎಂದು ಕೇಳುತ್ತಿದ್ದರು. ಈಗ ಬರುವ ತಾಯಂದಿರ ಪ್ರಶ್ನೆ ಬೇರೆ: “ಮೇಷ್ಟ್ರೇ, ಮಗ ಮೋಟಾರು ಸೈಕಲು ಬೇಕೆಂದು ಹಟ ಹಿಡಿದು ಕೂತಿದ್ದಾನೆ. ಕೊಡಿಸಲೇ, ಬೇಡವೇ?”

ಇದಕ್ಕೆ ಉತ್ತರ ಹೇಳುವುದು ಸುಲಭವಲ್ಲ. ಕೊಡಿಸಬೇಡಿರೆಂದರೆ ಅದು ಆಗುವ ಮಾತಲ್ಲ. ನಮ್ಮ ತಾಳವಾಡಿಯ ಕಡೆಯ ಹಳ್ಳಿಗಳಲ್ಲಿ ಹತ್ತನೆಯ ತರಗತಿಯನ್ನೋ ಹನ್ನೆರಡನೆಯದನ್ನೋ ಮುಗಿಸಿದ ಹುಡುಗರು ಘಟ್ಟವಿಳಿದು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೂ ಕೊಯಮತ್ತೂರಿನ ಪಂಪುಸೆಟ್ಟು, ಎರಕದ ಕಾರ್ಖಾನೆಗಳಿಗೂ ಸೇರುತ್ತಾರೆ. ಶನಿವಾರ ಸಂಜೆ ಪಾಳಿ ಮುಗಿಸಿ ಊರಿಗೆ ಬಂದು ಸೋಮವಾರ ಬೆಳಿಗ್ಗೆ ಮರಳಬೇಕಾದವನಿಗೆ ಬಸ್ಸಿನ ಹೊತ್ತು ಹೊಂದುವುದಿಲ್ಲ. ಕೊಡಿಸಿರೆಂದರೋ, ಅಂಕಿ ಅಂಶಗಳು ಎದೆ ನಡುಗಿಸುತ್ತವೆ. ಕೇಂದ್ರ ಸರಕಾರವೇ ಪ್ರಕಟಿಸಿದ ಲೆಕ್ಕದಂತೆ 2022ನೆಯ ಇಸವಿಯೊಂದರಲ್ಲೇ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು. ಅದೇ ವರ್ಷ ಅಪಘಾತಗಳ ಸಂಖ್ಯೆಯಲ್ಲಿ ದೇಶಕ್ಕೇ ಮೊದಲ ಸ್ಥಾನ ನಮ್ಮ ತಮಿಳುನಾಡಿನದು.

ನನ್ನ ತಂಗಿಯ ಮಗನೂ ತಿರುಪ್ಪೂರಿನಲ್ಲಿದ್ದಾನೆ. ತಂದೆಯಿಲ್ಲದ ಹುಡುಗ, ಒಬ್ಬನೇ ಮಗ. ಅವನ ಬೈಕಿನ ಸಾಲಕ್ಕೆ ಜಾಮೀನು ನಿಂತವನು ನಾನು. ಅವಿನಾಶಿ, ಪುಳಿಯಂಪಟ್ಟಿ, ಸತ್ಯಮಂಗಲಗಳನ್ನು ದಾಟಿ, ಬಣ್ಣಾರಿಯಮ್ಮನ ಗುಡಿಯ ಮುಂದೆ ಕೈಮುಗಿದು, ದಿಂಬದ ಇಪ್ಪತ್ತೇಳು ತಿರುವುಗಳನ್ನು ಹತ್ತಿ ಅವನು ಮನೆ ಸೇರುವವರೆಗೆ ತಂಗಿಯು ಒಲೆಯ ಮುಂದಿನಿಂದ ಏಳುವುದಿಲ್ಲ. ಸತ್ಯಮಂಗಲದ ಅರಣ್ಯವು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಘಟ್ಟದ ರಸ್ತೆಯಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ 2022ರಲ್ಲಿ ಉಚ್ಚ ನ್ಯಾಯಾಲಯದ ಆದೇಶದಿಂದ ನಿರ್ಬಂಧ ಬಂದಿತು. ಸ್ಥಳೀಯರಿಗೆ ವಿನಾಯಿತಿ ದೊರೆಯಿತೆಂಬುದು ನಿಜ. ಆದರೆ ಆಸನೂರಿನ ಕಡೆ ಕಬ್ಬಿನ ಲಾರಿಗಳಿಗಾಗಿ ಕಾದು ನಿಲ್ಲುವ ಆನೆಗಳಿಗೆ ನ್ಯಾಯಾಲಯದ ವಿನಾಯಿತಿ ತಿಳಿಯದು. ಆದುದರಿಂದ ಕತ್ತಲಾಗುವ ಮೊದಲೇ ಘಟ್ಟ ಹತ್ತಬೇಕೆಂಬ ಅವಸರ ಹುಡುಗನಿಗೆ. ಆ ಅವಸರವೇ ತಂಗಿಯ ನಿದ್ದೆಗೆಡಿಸಿದ್ದು.

ಹೀಗಿರುವಾಗ ಬಿದ್ದವನು ಮಾತ್ರ ಹುಡುಗನಲ್ಲ, ನಾನು.

ಸತ್ಯಮಂಗಲಕ್ಕೆಂದು ಹೊರಟಿದ್ದೆ. ಹುಡುಗ ತನ್ನ ಬೈಕಿನಲ್ಲಿ ಹಿಂದೆ ಬರುತ್ತಿದ್ದ. ತುಂತುರು ಮಳೆ ಬಿದ್ದು ನಿಂತಿತ್ತು. ಇಳಿಜಾರಿನಲ್ಲಿ ಮೂರನೆಯ ಗೇರಿನಲ್ಲೇ ಬಂದವನು ತಿರುವಿನ ಒಳಗೆ ಹೊಕ್ಕಮೇಲೆ ವೇಗ ಹೆಚ್ಚಾಯಿತೆಂದು ಎಚ್ಚರಗೊಂಡೆ. ಎದುರಿಗೆ ತಡೆಗೋಡೆ, ಅದರಾಚೆ ಕಣಿವೆ. ಗೋಡೆಯನ್ನೇ ನೋಡುತ್ತ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದೆ. ಮುಂದಿನ ಗಾಲಿ ಜಾರಿತು. ಮೊಣಕೈ ಸುಲಿಯಿತು, ಕಾಲು ಉಳುಕಿತು. ಹೆಲ್ಮೆಟ್ಟಿನ ಎಡಗಡೆಯಲ್ಲಿ ಅಂಗೈಯಗಲ ಬಣ್ಣ ಕಿತ್ತುಹೋಯಿತು. ಆ ಬಣ್ಣ ಹೋದ ಜಾಗದಲ್ಲಿ ನನ್ನ ಕಪೋಲವಿರಬೇಕಾಗಿತ್ತೆಂಬುದನ್ನು ನೆನೆದಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಕೆಳಗಿನಿಂದ ಬರುತ್ತಿದ್ದ ಲಾರಿಯ ಚಾಲಕರು ಗಾಡಿ ನಿಲ್ಲಿಸಿ ಇಳಿದು ಬಂದು, ನನ್ನನ್ನು ಎತ್ತಿ ಕೂರಿಸಿ ನೀರು ಕುಡಿಸಿದರು. ಬಳಿಕ ತಮಿಳಿನಲ್ಲಿ ಅವರು ಹೇಳಿದ ಮಾತಿನ ಸಾರವಿಷ್ಟು: “ಅಯ್ಯಾ, ಗೋಡೆಯನ್ನು ಏತಕ್ಕೆ ನೋಡಿದಿರಿ? ನೋಡಿದ ಕಡೆಗೇ ಗಾಡಿ ಹೋಗುತ್ತದೆ. ದಾರಿಯನ್ನು ನೋಡಬೇಕಿತ್ತು.”

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನನಗೆ ಈ ಒಂದು ವಾಕ್ಯ ಗೊತ್ತಿರಲಿಲ್ಲ.

ಮನೆಗೆ ಬಂದಾಗ ತಂಗಿ ಅಳಲಿಲ್ಲ. “ಅಣ್ಣಾ, ನೀನೇ ಹೀಗೆ ಬಿದ್ದರೆ ಇನ್ನು ಅವನ ಗತಿಯೇನು?” ಎಂದಷ್ಟೇ ಕೇಳಿದಳು. ಹುಡುಗ ಬಾಯಿಬಿಡಲಿಲ್ಲ. ಕಾಲು ನೆಟ್ಟಗಾದ ಮೇಲೆ ನಾನು ಅವನನ್ನು ಕರೆದು, “ನಾವಿಬ್ಬರೂ ಮೊದಲಿನಿಂದ ಕಲಿಯೋಣ. ನಿನಗೆ ಬೇಕಾದ ವಾಲ್ಪಾರೈಗೂ ಹೋಗೋಣ, ಆದರೆ ಅದು ಕೊನೆಯ ಪಾಠ,” ಎಂದೆ. “ಆಗಲಿ ಮಾವ, ನೀವು ಹೇಳಿದ ಹಾಗೆ,” ಎಂದು ಒಪ್ಪಿದ. ವಾಲ್ಪಾರೈ ಎಂಬ ಹೆಸರಿಗೆ ಅಷ್ಟು ಆಕರ್ಷಣೆಯಿದೆ.

ಮೊದಲ ಪಾಠ ಶಾಲೆಯ ಮೈದಾನದಲ್ಲಿ, ಅದೂ ಸಾಧಾರಣ ಸೈಕಲಿನಲ್ಲಿ. ವಾಚಕರೂ ಮಾಡಿ ನೋಡಬಹುದು. ಸೈಕಲು ಸ್ವಲ್ಪ ವೇಗವಾಗಿ ನೇರವಾಗಿ ಹೋಗುತ್ತಿರುವಾಗ ಎಡಗೈಯ ಬೆರಳುಗಳನ್ನು ಬಿಡಿಸಿ ಅಂಗೈಯಿಂದ ಹ್ಯಾಂಡಲಿನ ಎಡಗೊನೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಹಾಗೆ ಒತ್ತಿದರೆ ಮುಂದಿನ ಗಾಲಿ ಬಲಕ್ಕೆ ಹೊರಳಬೇಕು. ಆದ್ದರಿಂದ ಸೈಕಲೂ ಬಲಕ್ಕೆ ಹೋಗಬೇಕು ಎಂದು ನಾವು ನೆನೆಸುತ್ತೇವೆ. ನಡೆಯುವುದು ಅದಕ್ಕೆ ವಿರುದ್ಧ. ಗಾಲಿ ಒಂದು ಕ್ಷಣ ಬಲಕ್ಕೆ ಸರಿದು ನಮ್ಮ ಭಾರದ ಬುಡದಿಂದ ಪಕ್ಕಕ್ಕೆ ಹೋಗುತ್ತದೆ. ಭಾರ ಎಡಕ್ಕೆ ವಾಲುತ್ತದೆ. ವಾಲಿದ ಗಾಡಿ ಎಡಕ್ಕೇ ತಿರುಗುತ್ತದೆ. ಎಡಕ್ಕೆ ಹೋಗಬೇಕಾದರೆ ಎಡಗೈ ಒತ್ತು, ಬಲಕ್ಕೆ ಹೋಗಬೇಕಾದರೆ ಬಲಗೈ ಒತ್ತು. ವಿಮಾನ ಕಂಡುಹಿಡಿದ ರೈಟ್ ಸಹೋದರರು ಮೂಲತಃ ಸೈಕಲು ಅಂಗಡಿಯವರು. ಅವರಲ್ಲಿ ವಿಲ್ಬರ್ ರೈಟರು ಈ ವಿಚಿತ್ರವನ್ನು ಗಮನಿಸಿದ್ದರು. ಸೈಕಲು ತುಳಿಯುವವರೆಲ್ಲ ಇದನ್ನು ಅರಿಯದೆಯೇ ಮಾಡುತ್ತಿರುತ್ತಾರೆ. ಆದರೆ ತಿರುವಿನ ನಡುವೆ ಹೆದರಿದಾಗ ಅರಿಯದೆ ಮಾಡುವುದು ಮರೆತುಹೋಗುತ್ತದೆ. ಕೈಗಳು ಸೆಟೆದು ಎರಡೂ ಹಿಡಿಗಳನ್ನು ಒಟ್ಟಿಗೆ ಒತ್ತುತ್ತವೆ. ಗಾಡಿ ನೆಟ್ಟಗೆ ಗೋಡೆಯ ಕಡೆ ಓಡುತ್ತದೆ. ಆದುದರಿಂದಲೇ ಇದನ್ನು ಅರಿತು ಮಾಡಬೇಕಾಗಿರುವುದು. ಹುಡುಗ ಹತ್ತು ಸಲ ಮಾಡಿ ನೋಡಿ, “ಇದೇನು ಮಾವ, ಮಾಯದ ಹಾಗಿದೆ,” ಎಂದ. ಮಾಯವಲ್ಲ. ಮೇಜಿನ ಮೇಲೆ ಒಂದು ರೂಪಾಯಿಯ ನಾಣ್ಯವನ್ನು ಉರುಳಿಸಿ ನೋಡಿದರೆ ಮಕ್ಕಳಿಗೂ ತಿಳಿಯುತ್ತದೆ: ಅದು ಯಾವ ಕಡೆಗೆ ವಾಲುವುದೋ ಆ ಕಡೆಗೇ ತಿರುಗುತ್ತದೆ.

ಎರಡನೆಯ ಪಾಠ ಕಪ್ಪುಹಲಗೆಯ ಮೇಲೆ. ತಿರುವಿನಲ್ಲಿ ಗಾಡಿ ಎಷ್ಟು ವಾಲಬೇಕೆಂಬುದು ವೇಗದ ವರ್ಗಕ್ಕೆ ಅನುಗುಣವಾಗಿಯೂ ತಿರುವಿನ ತ್ರಿಜ್ಯಕ್ಕೆ ವಿಲೋಮವಾಗಿಯೂ ಇರುತ್ತದೆ. ಹತ್ತು ಮೀಟರು ತ್ರಿಜ್ಯದ ತಿರುವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಘಟ್ಟದ ಮುಡಿಪಿನ್ನಿನಂಥ ತಿರುವುಗಳು ಹೆಚ್ಚುಕಡಿಮೆ ಈ ಜಾತಿಯವು. ಗಂಟೆಗೆ 18 ಕಿಲೋಮೀಟರು ವೇಗದಲ್ಲಿ ಬಂದರೆ ನಾಲ್ಕಡಿ ಎತ್ತರಕ್ಕೆ ಒಂದಡಿ ವಾಲಿದರೆ ಸಾಕು. ವೇಗ 25 ಆಯಿತೆಂದರೆ ಎರಡಡಿ ಎತ್ತರಕ್ಕೆ ಒಂದಡಿ ವಾಲಬೇಕು. ವೇಗ ಇಮ್ಮಡಿಯಾಗಿ 36 ಆಯಿತೋ, ಒಂದಡಿಗೆ ಒಂದಡಿ, ಅಂದರೆ ನೆಲಕ್ಕೂ ಗಾಡಿಗೂ ನಡುವೆ ಅರ್ಧ ಲಂಬಕೋನ ಮಾತ್ರ! ಅಷ್ಟು ವಾಲಿದರೆ ನಮ್ಮ ಸಾಮಾನ್ಯ ಟೈರುಗಳು ಒಣಗಿದ ಒಳ್ಳೆಯ ರಸ್ತೆಯಲ್ಲೂ ನೆಲವನ್ನು ಹಿಡಿದುಕೊಳ್ಳಲಾರವು. ಗಂಟೆಗೆ 18ಕ್ಕೂ 36ಕ್ಕೂ ನಡುವೆ ಅಂತರ ಅಲ್ಪವೆಂದು ಹುಡುಗರು ತಿಳಿದಿರುತ್ತಾರೆ, ಏಕೆಂದರೆ ನೇರ ರಸ್ತೆಯಲ್ಲಿ ಅವೆರಡೂ ಆಮೆಯ ನಡಿಗೆಗಳೇ. ತಿರುವಿನಲ್ಲಿ ಆ ಅಂತರವೇ ಮನೆಗೂ ಆಸ್ಪತ್ರೆಗೂ ಇರುವ ಅಂತರ. ನಾನು ಹಲಗೆಯ ಮೇಲೆ ಲೆಕ್ಕ ಮುಗಿಸುವಾಗ ಹುಡುಗ ತನ್ನ ಮೊಬೈಲಿನಲ್ಲಿ ಅದನ್ನು ಮತ್ತೆ ಲೆಕ್ಕ ಹಾಕಿ ನೋಡಿದ. ಗುರುವನ್ನು ನಂಬದ ಶಿಷ್ಯನೇ ಒಳ್ಳೆಯವನು.

ಇನ್ನು ರಸ್ತೆಗಳು. ದ್ವಿಚಕ್ರದ ಸವಾರಿಯಲ್ಲಿ ಸುಖವಿಲ್ಲವೆಂದು ನಾನು ಬರೆದರೆ ಅದು ಸುಳ್ಳಾದೀತು. ತರಬೇತಿಯ ದಿನಗಳಲ್ಲಿ ಸ್ನೇಹಿತನೊಬ್ಬನ ಯೆಜ್ಡಿಯ ಹಿಂಬದಿಯಲ್ಲಿ ಕುಳಿತು ಸುತ್ತಿದ ನೆನಪು ಇನ್ನೂ ಹಸಿರಾಗಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿಗಳನ್ನು ತಯಾರಿಸಲು ತೊಡಗಿ 1996ರಲ್ಲಿ ಮುಚ್ಚಿಹೋಯಿತು. ಆದರೂ ಅದರ ಸದ್ದು ಕೇಳಿದರೆ ನನ್ನ ವಯಸ್ಸಿನವರು ತಿರುಗಿ ನೋಡದಿರಲಾರರು. ಕೊಂಗುನಾಡಿಗೂ ಮೋಟಾರು ಸೈಕಲಿಗೂ ಹಳೆಯ ನಂಟು. ಕೊಯಮತ್ತೂರಿನ ಜಿ. ಡಿ. ನಾಯುಡು ಅವರು ಹುಡುಗರಾಗಿದ್ದಾಗ ದೊರೆಯೊಬ್ಬರ ರಡ್ಜ್ ಮೋಟಾರು ಸೈಕಲನ್ನು ಕಂಡು ಮರುಳಾಗಿ, ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿ ಅದನ್ನೇ ಕೊಂಡು, ಬಿಚ್ಚಿ ಜೋಡಿಸಿ ಯಂತ್ರವಿದ್ಯೆ ಕಲಿತರೆಂಬುದು ಇಲ್ಲಿ ಮನೆಮಾತು. ಮುಂದೆ 1920ರಲ್ಲಿ ಪೊಲ್ಲಾಚಿ-ಪಳನಿಗಳ ನಡುವೆ ಒಂದೇ ಬಸ್ಸಿನಿಂದ ಅವರ ಸಾರಿಗೆ ಉದ್ಯಮ ಆರಂಭವಾಯಿತು.

ಒಳ್ಳೆಯ ರಸ್ತೆಯನ್ನು ಹುಡುಕುವುದಕ್ಕೂ ಒಂದು ಕ್ರಮವಿದೆ. ಮೊದಲು ನಕ್ಷೆಯಲ್ಲಿ ನೀರನ್ನು ಹುಡುಕಬೇಕು. ಹೆದ್ದಾರಿ ಊರಿಂದೂರಿಗೆ ನೂಲು ಹಿಡಿದಂತೆ ಹೋಗುತ್ತದೆ. ಹಳೆಯ ಗಾಡಿದಾರಿ ಕೆರೆಯ ಏರಿ, ಹಳ್ಳದ ದಂಡೆ, ಗುಡ್ಡದ ತಪ್ಪಲುಗಳನ್ನು ಸುತ್ತಿಕೊಂಡು ಹೋಗುತ್ತದೆ. ಅವಿನಾಶಿ, ಪಲ್ಲಡಂ, ಕಾಂಗೇಯಂಗಳ ಬಯಲಿನಲ್ಲಿ ತಿರುವಿನ ಸುಖ ಸಿಗದು. ಅಲ್ಲಿರುವುದು ಕಂಟೈನರು ಲಾರಿಗಳೂ ಕಣ್ಣು ಮುಚ್ಚಿಸುವ ಬಿಸಿಲೂ. ಎರಡನೆಯದಾಗಿ ಮೈಲಿಗಲ್ಲಿನ ತಲೆಯ ಬಣ್ಣವನ್ನು ನೋಡಬೇಕು. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಾದರೆ ಗ್ರಾಮದ ರಸ್ತೆ. ಹಸಿರು ತಲೆಯ ಕಲ್ಲುಗಳಿರುವ, ಬಸ್ಸು ಅಪರೂಪವಾಗಿ ಓಡಾಡುವ ರಸ್ತೆಯೇ ಕಲಿಯುವವನಿಗೆ ಮೇಲು. ಬಸ್ಸು ಓಡುವ ರಸ್ತೆಯ ತಿರುವಿಗೊಂದು ಹದವಿರುತ್ತದೆ. ಎಲ್ಲಿಯೂ ಏಕಾಏಕಿ ಮೊಟಕಾಗುವುದಿಲ್ಲ. ಕಿತ್ತಳೆ ಕಲ್ಲಿನ ರಸ್ತೆ ನೋಟಕ್ಕೆ ಚೆಲುವಾದರೂ ತಿರುವಿನಾಚೆ ಜೋಳ ಒಕ್ಕಿದ ಕಣವೋ ಹರಡಿದ ತೆಂಗಿನ ಸಿಪ್ಪೆಯೋ ಮಲಗಿದ ಎಮ್ಮೆಯೋ ಇರುವುದುಂಟು.

ಈ ಲೆಕ್ಕದಲ್ಲಿ ನಾವು ಮೊದಲು ಆರಿಸಿದ್ದು ಉಡುಮಲೈಯಿಂದ ತಿರುಮೂರ್ತಿ ಮಲೆಯ ತಪ್ಪಲಿನ ರಸ್ತೆಗಳನ್ನು. ಪರಂಬಿಕುಳಂ-ಆಳಿಯಾರು ಯೋಜನೆಯ ಕಾಲುವೆಗಳು ಇಲ್ಲಿ ತೋಟಗಳ ನಡುವೆ ಹರಿಯುತ್ತವೆ. ಎಡಕ್ಕೆ ಆನೆಮಲೆಯ ಸಾಲು, ಬಲಕ್ಕೆ ತೆಂಗು. ತಿರುವುಗಳು ತೆರೆದವು, ಆಚೆಯ ಕೊನೆ ಕಾಣುತ್ತದೆ. ಇಂಥಲ್ಲಿ ವೇಗ ಬೇಕಿಲ್ಲ. ಕಣ್ಣನ್ನು ಪಳಗಿಸಬೇಕು. ಮುಂದಿನ ಗಾಲಿಯ ಬುಡವನ್ನು ನೋಡದೆ, ತಿರುವು ಮುಗಿಯುವ ಕಡೆಗೆ ಮೂಗು ತಿರುಗಿಸಿ ನೋಡುವ ಅಭ್ಯಾಸ. ನಮ್ಮ ಲಾರಿ ಚಾಲಕರ ಆ ಒಂದು ವಾಕ್ಯವನ್ನು ನಾನು ಇಲ್ಲಿ ಒಂದು ಭಾನುವಾರ ಪೂರ್ತಿ ಅಭ್ಯಾಸ ಮಾಡಿದೆ. ಈ ಭಾಗದ ಹಳ್ಳಿಗಳಲ್ಲಿ ನೀರಿಗೆಂದು ನಿಂತಾಗ ಮನೆಯೊಳಗಿನಿಂದ ಕನ್ನಡ ಕೇಳಿಬಂದರೆ ಬೆರಗಾಗಬೇಕಿಲ್ಲ. ಮೂಲೆಗೊಂದರಂತೆ ನಮ್ಮವರ ಮನೆಗಳಿವೆ. ತಲೆಮಾರುಗಳ ಹಿಂದಿನ ಅವರ ಕನ್ನಡ ನಮ್ಮದಕ್ಕಿಂತ ಹಳೆಯದು. ನನ್ನ ಪುಸ್ತಕದ ಭಾಷೆಯನ್ನು ಕೇಳಿ ಅಜ್ಜಿಯೊಬ್ಬರು ನಕ್ಕರು.

ಎರಡನೆಯದು ಕೊಯಮತ್ತೂರಿನಿಂದ ತಡಾಗಂ ಮಾರ್ಗವಾಗಿ ಆನೈಕಟ್ಟಿಗೆ ಹೋಗುವ ರಸ್ತೆ. ಸುಮಾರು 30 ಕಿಲೋಮೀಟರು. ಹಿಂದೆ ಈ ಕಣಿವೆಯ ತುಂಬ ಇಟ್ಟಿಗೆ ಗೂಡುಗಳಿದ್ದು ಮಣ್ಣಿನ ಲಾರಿಗಳ ಕಾಟವಿತ್ತು. 2021ರಲ್ಲಿ ಅವುಗಳನ್ನು ಮುಚ್ಚಿಸಲಾಯಿತು. ಇಲ್ಲಿ ಏರಿಳಿತದ ಮಧ್ಯಮ ತಿರುವುಗಳು ಸಿಗುತ್ತವೆ. ಮರಗಳ ಮರೆಯಿಂದ ಆಚೆಯದು ಪೂರ್ತಿ ಕಾಣುವುದಿಲ್ಲ. ಕಾಣದ ತಿರುವನ್ನು ಓದುವ ವಿದ್ಯೆ ಇಲ್ಲಿ ಬೇಕು. ರಸ್ತೆಯ ಎಡ ಅಂಚೂ ಬಲ ಅಂಚೂ ದೂರದಲ್ಲಿ ಒಂದು ಬಿಂದುವಿನಲ್ಲಿ ಕೂಡಿದಂತೆ ತೋರುತ್ತವೆಯಷ್ಟೆ? ಆ ಬಿಂದುವಿನ ಮೇಲೆ ಕಣ್ಣಿಡಬೇಕು. ನಾವು ಸಾಗಿದಂತೆ ಅದೂ ಮುಂದೆ ಓಡುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ನಿಂತಲ್ಲೇ ನಿಂತು ನಮ್ಮ ಹತ್ತಿರ ಹತ್ತಿರಕ್ಕೆ ಬರುತ್ತಿದ್ದರೆ ತಿರುವು ಬಿಗಿಯುತ್ತಿದೆ. ಕೂಡಲೇ ವೇಗ ತಗ್ಗಿಸಬೇಕು. ಇದಕ್ಕೆ ಜೊತೆಯಾಗಿ ನೆನಪಿಡಬೇಕಾದ ಲೆಕ್ಕ: ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋಗುವವನು ಅಪಾಯ ಕಂಡು ಕೈ ಕಾಲು ಆಡಿಸುವ ಒಂದು ಸೆಕೆಂಡಿನಲ್ಲೇ 11 ಮೀಟರು ಸಾಗಿಹೋಗಿರುತ್ತಾನೆ, ಬ್ರೇಕು ಹಿಡಿದು ನಿಲ್ಲಲು ಮತ್ತೆ ಸುಮಾರು 12 ಮೀಟರು ಬೇಕು. ಕಾಣುವ ದಾರಿ 20 ಮೀಟರು ಮಾತ್ರವಾಗಿದ್ದರೆ ಅವನು ಮಿಕ್ಕದ್ದನ್ನು ದೇವರ ಮೇಲೆ ಹಾಕಿದ್ದಾನೆಂದೇ ಅರ್ಥ.

ರಸ್ತೆಯ ಯಾವ ಭಾಗದಲ್ಲಿ ಹೋಗಬೇಕೆಂಬುದರ ಬಗ್ಗೆ ಹುಡುಗರು ಪಂದ್ಯದ ಚಿತ್ರಗಳನ್ನು ನೋಡಿ ತಪ್ಪು ಕಲಿಯುತ್ತಾರೆ. ಪಂದ್ಯದವರು ಹೊರ ಅಂಚಿನಿಂದ ಒಳ ಅಂಚಿಗೆ ಬಂದು ಮತ್ತೆ ಹೊರಗೆ ಹೋಗುತ್ತಾರೆ. ಅವರಿಗೆ ರಸ್ತೆಯೆಲ್ಲ ತಮ್ಮದೇ. ನಮಗಿರುವುದು ಎಡಗಡೆಯ ಅರ್ಧ ಮಾತ್ರ. ಬಲ ತಿರುವಿಗೆ ಎಡ ಅಂಚಿನ ಹತ್ತಿರವಿದ್ದರೆ ಒಳಗಿನದು ಬೇಗ ಕಾಣುತ್ತದೆ. ಎಡ ತಿರುವಿಗೆ ನಮ್ಮ ಅರ್ಧದಲ್ಲೇ ನಡುಗೆರೆಯ ಕಡೆ ಇರಬಹುದು, ಆದರೆ ಗೆರೆಯ ಮೇಲಲ್ಲ. ಬಲ ತಿರುವಿನಲ್ಲಿ ಗಾಡಿಯ ಗಾಲಿ ನಮ್ಮ ಭಾಗದಲ್ಲಿದ್ದರೂ ವಾಲಿದ ನಮ್ಮ ತಲೆ ಗೆರೆಯಾಚೆ ಎದುರು ಬಸ್ಸಿನ ಪಾಲಿನಲ್ಲಿರುತ್ತದೆಂಬುದನ್ನು ಬಹುಮಂದಿ ಯೋಚಿಸುವುದೇ ಇಲ್ಲ. ವೇಗದ ಹುಚ್ಚು ತೀರಲೇಬೇಕೆಂದಿದ್ದರೆ ಕೊಯಮತ್ತೂರಿನ ಬಳಿ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರು ಪಂದ್ಯದ ಹಾದಿಯಿದೆ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ, ಪಂದ್ಯದ ಕಾರುಗಳನ್ನು ನಿರ್ಮಿಸುತ್ತಿದ್ದ ಕರಿವರ್ಧನರ ಹೆಸರು ಅದಕ್ಕೆ. 2005ರಲ್ಲಿ ಫಾರ್ಮುಲಾ ಒಂದರ ಪಂದ್ಯಕ್ಕಿಳಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಈ ಊರಿನವರೇ. ಅಲ್ಲಿ ಎದುರಿಗೆ ಬಸ್ಸು ಬಾರದು, ಎಮ್ಮೆಯೂ ಬಾರದು.

ಮೂರನೆಯದಾಗಿ ಉಡುಮಲೈಯಿಂದ ಅಮರಾವತಿ ಅಣೆಕಟ್ಟಿನ ಪಕ್ಕದಿಂದ ಚಿನ್ನಾರಿಗೆ ಹೋಗಿ, ಮರೆಯೂರಿನ ಶ್ರೀಗಂಧದ ಕಾಡಿನವರೆಗೆ. ಮುಂದೆ ಅದೇ ರಸ್ತೆ ಮೂನಾರಿಗೆ ಹತ್ತುತ್ತದೆ. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹಿಡಿಸಿದ ರಸ್ತೆ ಇದೇ. ಒಣ ಮುಳ್ಳುಕಾಡಿನಿಂದ ತೊಡಗಿ ಒಂದೇ ಬೆಳಿಗ್ಗೆಯಲ್ಲಿ ಹಸಿರು ಮಲೆಗೆ ಒಯ್ಯುತ್ತದೆ. ಅರಣ್ಯದ ಬಾಗಿಲು ರಾತ್ರಿ ಮುಚ್ಚುತ್ತದೆ. ಆನೆಗಳು ಹಗಲೂ ದಾಟುತ್ತವೆ. ಇಲ್ಲಿ ತಿರುವಿನಾಚೆ ಹಸಿ ಲದ್ದಿ ಕಂಡರೆ ನಿಂತು ಕಿವಿಗೊಡಬೇಕೇ ಹೊರತು ಹಾರನ್ನು ಬಾರಿಸಬಾರದು. ಮೇಟುಪಾಳ್ಯದಿಂದ ಕೂನೂರಿನ ಘಟ್ಟ ಜಗತ್ಪ್ರಸಿದ್ಧವಾದರೂ ಅಲ್ಲಿನ ವಾಹನಗಳ ಸಂದಣಿಯಲ್ಲಿ ಕಲಿಯುವುದಕ್ಕೇನೂ ಇಲ್ಲ. ಕೋತಗಿರಿಯ ರಸ್ತೆ ಅದಕ್ಕಿಂತ ವಾಸಿ. ಅಲ್ಲಿ ಬಡಗರ ಮಾತು ಕಿವಿಗೆ ಬಿದ್ದರೆ ದೂರದ ನೆಂಟರನ್ನು ಕಂಡಷ್ಟು ಹಿತವಾಗುತ್ತದೆ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸು ಪದ್ಧತಿ ಬಂದಿರುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೊನೆಗೆ ವಾಲ್ಪಾರೈ. ಪೊಲ್ಲಾಚಿಯಿಂದ ಆಳಿಯಾರಿನವರೆಗೆ ತೆಂಗಿನ ನೆರಳಿನ ನೇರ ದಾರಿ. ಅಣೆಕಟ್ಟು ದಾಟಿದೊಡನೆ ಏರು ತೊಡಗಿ, ನಲವತ್ತು ತಿರುವುಗಳು, ಒಂದೊಂದಕ್ಕೂ ಸಂಖ್ಯೆಯ ಹಲಗೆ. ತಮಿಳಿನಲ್ಲಿ ಇವನ್ನು ‘ಕೊಂಡೈ ಊಸಿ’ ತಿರುವೆನ್ನುತ್ತಾರೆ. ತುರುಬಿನ ಸೂಜಿಯೆಂದು ಅರ್ಥ. ಹೆಂಗಸರ ಮುಡಿಯನ್ನು ನೋಡಿ ರಸ್ತೆಗೆ ಹೆಸರಿಟ್ಟವರು ಯಾರೋ ರಸಿಕರೇ ಇರಬೇಕು. ಒಂಬತ್ತನೆಯ ತಿರುವಿನಲ್ಲಿ ಲೋಮ್ ಎಂಬ ದೊರೆಯ ಹೆಸರಿನ ನೋಟದ ಕಟ್ಟೆಯಿದೆ. ಕೆಳಗೆ ಆಳಿಯಾರಿನ ನೀರು ಕನ್ನಡಿಯಂತೆ ಬಿದ್ದಿರುತ್ತದೆ.

ನಾವು ಬೆಳಗಿನ ಹೊತ್ತಿನಲ್ಲೇ ಏರತೊಡಗಿದೆವು. ಹುಡುಗ ಮುಂದೆ, ನಾನು ಹಿಂದೆ. ಏರುವುದು ಸುಲಭ, ಗುರುತ್ವಾಕರ್ಷಣವೇ ಬ್ರೇಕಿನ ಕೆಲಸ ಮಾಡುತ್ತದೆ. ಎರಡನೆಯ ಗೇರು, ತಿರುವಿನ ಮೊದಲೇ ನೆಟ್ಟಗಿರುವಾಗ ವೇಗ ತಗ್ಗಿಸಿ, ಒಳಹೊಕ್ಕ ಮೇಲೆ ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿದು, ದಾರಿ ಬಿಚ್ಚಿದಾಗ ಮೆಲ್ಲಗೆ ತೆರೆಯುವುದು. ಹದಿಮೂರು ಹದಿನಾಲ್ಕನೆಯ ತಿರುವು ಕಳೆಯುವಷ್ಟರಲ್ಲಿ ಹುಡುಗನ ಗಾಡಿಗೆ ಒಂದು ಲಯ ಬಂದಿತ್ತು. ತೊಟ್ಟಿಲು ತೂಗಿದ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ; ಎಲ್ಲಿಯೂ ಕೆಂಪು ದೀಪ ಥಟ್ಟನೆ ಹೊತ್ತಲಿಲ್ಲ. ಹಿಂದಿನಿಂದ ನೋಡುತ್ತಿದ್ದ ನನಗೆ ಆ ಕೆಂಪು ದೀಪವೇ ಅಂಕಪಟ್ಟಿ. ತಿರುವಿನ ನಡುವೆ ದೀಪ ಹೊತ್ತಿದರೆ ಅವನು ಮೊದಲು ಮಾಡಬೇಕಾದ ಲೆಕ್ಕವನ್ನು ತಡವಾಗಿ ಮಾಡಿದನೆಂದು ತಿಳಿಯಬೇಕು. ಒಂದು ಕಡೆ ಸಾರಿಗೆ ಬಸ್ಸು ಮೇಲಿನಿಂದ ಬಂದು ತಿರುವಿನ ಅಗಲವನ್ನೆಲ್ಲ ತುಂಬಿತು. ಇಕ್ಕಟ್ಟಾದ ಮಲೆದಾರಿಯಲ್ಲಿ ಏರುವವನಿಗೆ ಇಳಿಯುವವನು ದಾರಿ ಬಿಡಬೇಕೆಂಬುದೇ ಕಾನೂನು. ಆದರೂ ಹುಡುಗ ತಿರುವಿಗೆ ಮೊದಲೇ ಎಡಕ್ಕೆ ನಿಂತು ಬಸ್ಸನ್ನು ಹೋಗಗೊಟ್ಟ. ಎರಡು ತಿಂಗಳ ಹಿಂದೆ ಅವನು ಅದರ ಪಕ್ಕದಲ್ಲಿ ನುಗ್ಗಿರುತ್ತಿದ್ದ.

ಮೇಲಿನ ಬಂಡೆಯ ಇಳಿಜಾರಿನಲ್ಲಿ ವರೆಯಾಡುಗಳು ಮೇಯುತ್ತಿದ್ದವು. ನೀಲಗಿರಿ ತಾರ್ ಎಂದು ಪುಸ್ತಕದಲ್ಲಿ ಓದಿಸಿದ ಪ್ರಾಣಿ, ತಮಿಳುನಾಡಿನ ರಾಜ್ಯಪ್ರಾಣಿ. ಹತ್ತು ಗಜದ ದೂರದಲ್ಲಿ ಒಂದು ಮರಿ ತಾಯಿಯ ಹಿಂದೆ ಬಂಡೆಯಿಂದ ಬಂಡೆಗೆ ನೆಗೆಯಿತು. ಹುಡುಗ ಹೆಲ್ಮೆಟ್ಟು ತೆಗೆದು ಬಹಳ ಹೊತ್ತು ನೋಡುತ್ತ ನಿಂತ. “ವೇಗವಾಗಿ ಬಂದಿದ್ದರೆ ಇದನ್ನು ಕಾಣುತ್ತಿರಲಿಲ್ಲ, ಅಲ್ಲವೇ ಮಾವ?” ಎಂದ. ನಾನು ಹೇಳಬೇಕೆಂದಿದ್ದ ಮಾತನ್ನು ಅವನೇ ಹೇಳಿದ್ದರಿಂದ ನಾನು ಸುಮ್ಮನಾದೆ.

ಇಳಿಯುವಾಗಿನ ಪಾಠ ಬೇರೆ. ಪೆಟ್ರೋಲು ಉಳಿಸಲೆಂದು ಎಂಜಿನು ಆರಿಸಿಯೋ ಗೇರು ಬಿಡಿಸಿಯೋ ಘಟ್ಟ ಇಳಿಯುವ ದುರಭ್ಯಾಸ ನಮ್ಮ ಕಡೆ ಬೇಕಾದಷ್ಟಿದೆ. ಹಾಗೆ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆಯೇ ಬಿದ್ದು ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕು; ಎಂಜಿನೇ ಗಾಡಿಯನ್ನು ತಡೆಯುತ್ತದೆ. ಎರಡೂ ಬ್ರೇಕುಗಳನ್ನು ಮೃದುವಾಗಿ ಒಟ್ಟಿಗೆ, ತಿರುವಿಗೆ ಮೊದಲು. 2019ರ ಏಪ್ರಿಲಿನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಿಗೆ ಗಾಲಿ ಜಾಮಾಗದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಗಿದೆ. ಅದು ನೇರ ದಾರಿಯಲ್ಲಿ ಜೀವ ಉಳಿಸುವ ಸಾಧನ. ಆದರೆ ಗಾಡಿ ಪೂರ್ತಿ ವಾಲಿರುವಾಗ ಗಟ್ಟಿ ಹಿಡಿದರೂ ಕಾಪಾಡುತ್ತದೆಂದು ನಂಬಿ ಕೂರಬಾರದು.

ಹಿಂಬದಿಯಲ್ಲಿ ಕೂರುವ ಹೆಣ್ಣುಮಕ್ಕಳಿಗೂ ಎರಡು ಮಾತು ಹೇಳಬೇಕು. ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತರೆ ಗಾಡಿಯ ಭಾರ ಒಂದು ಕಡೆಗೆ ಬೀಳುತ್ತದೆ. ಘಟ್ಟಕ್ಕಾದರೂ ಎರಡೂ ಪಕ್ಕ ಕಾಲು ಹಾಕಿ ಕೂರುವುದು ಕ್ಷೇಮ. ಗಾಡಿ ವಾಲಿದಾಗ ಹೆದರಿ ಎದುರು ಪಕ್ಕಕ್ಕೆ ಬಾಗದೆ, ಸವಾರನ ಹೆಗಲಿನ ಮೇಲಿಂದ ತಿರುವಿನ ಒಳಪಕ್ಕಕ್ಕೆ ನೋಡುತ್ತಿದ್ದರೆ ಸಾಕು, ಮೈ ತಾನಾಗಿ ಹೊಂದಿಕೊಳ್ಳುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನೂ ತಲೆಗೆ ಹೆಲ್ಮೆಟ್ಟನ್ನು ಹಾಕಿಕೊಳ್ಳುವುದನ್ನೂ ಮರೆಯಬಾರದು. ಕಾನೂನು ಹಿಂದೆ ಕೂರುವವರಿಗೂ ಅದನ್ನು ವಿಧಿಸಿದೆ. ‘ಹೂವು ಬಾಡುತ್ತದೆ’ ಎಂಬ ಆಕ್ಷೇಪಣೆಯನ್ನು ನಾನು ನಮ್ಮ ಮನೆಯಲ್ಲೇ ಕೇಳಿದ್ದೇನೆ. ಅದಕ್ಕೆ ಉತ್ತರ ಕೊಡಲು ಹೋಗಿಲ್ಲ.

ವಾಲ್ಪಾರೈಯಿಂದ ಬಂದ ಮೇಲೆ ತಂಗಿ ಬಲವಂತ ಮಾಡಿ ಹುಡುಗನ ಬೈಕಿನಲ್ಲಿ ಬಣ್ಣಾರಿಗೆ ಹೋಗಿಬಂದಳು. ಮೊದಲ ಕೆಲವು ತಿರುವುಗಳಲ್ಲಿ ಕಣ್ಣು ಮುಚ್ಚಿಕೊಂಡಿದ್ದಳಂತೆ. ಆಮೇಲೆ ಲೆಕ್ಕ ಎಣಿಸತೊಡಗಿ ಇಪ್ಪತ್ತೇಳಕ್ಕೆ ಬದಲು ಇಪ್ಪತ್ತೈದೇ ಬಂತೆಂದು ಈಗಲೂ ಮಗನೊಡನೆ ವಾದ ಮಾಡುತ್ತಾಳೆ. ಆದರೂ ಶನಿವಾರ ಸಂಜೆ ಒಲೆಯ ಮುಂದೆ ಕೂರುವುದನ್ನು ಬಿಟ್ಟಿಲ್ಲ.

ನಾನು ಹಿಂದೆ ಇಲ್ಲದಾಗ ಹುಡುಗ ಹೇಗೆ ಓಡಿಸುತ್ತಾನೋ ಕಂಡವರಾರು? ಆದರೆ ಟೈರು ಸುಳ್ಳು ಹೇಳಲಾರದು. ಅಳತೆ ಮೀರಿ ವಾಲಿಸುವವನ ಟೈರು ಅಂಚಿನವರೆಗೂ ಸವೆದಿರುತ್ತದೆ. ಹದವಾಗಿ ಹೋಗುವವನದರಲ್ಲಿ ಎರಡೂ ಅಂಚಿಗೆ ಹೊಸ ರಬ್ಬರಿನ ಪಟ್ಟಿಯೊಂದು ಉಳಿದಿರುತ್ತದೆ. ಭಾನುವಾರ ಬೆಳಿಗ್ಗೆ ಅವನು ಏಳುವ ಮೊದಲು ನಾನು ತಂಗಿಯ ಮನೆಯ ಅಂಗಳಕ್ಕೆ ಹೋಗಿ, ಬೈಕಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಆ ಪಟ್ಟಿಯನ್ನು ಬೆರಳಿನಿಂದ ಅಳೆಯುತ್ತೇನೆ. ಕಳೆದ ವಾರ ಒಂದೂವರೆ ಬೆರಳಗಲವಿತ್ತು. ಬಾಗಿಲಲ್ಲಿ ನಿಂತಿದ್ದ ತಂಗಿ ಏನೂ ಕೇಳದೆ ಕಾಫಿಯ ಲೋಟವನ್ನು ಕೈಗಿತ್ತು ಒಳಗೆ ಹೋದಳು.